ಕೆರೆಯಂಚಿನ ಗೂಟ

ಗೂಟ ಹೊಡೆದ ಮೇಲೆ ಅದನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡುವುದು ಸರ್ವೆಯರ್ ಚನ್ನವೀರಯ್ಯನವರ ಅಭ್ಯಾಸ. ಗೂಟ ಅಲುಗಾಡಿದರೆ ಸುತ್ತಮುತ್ತ ಚೆನ್ನಾಗಿ ನೋಡಿ ಬೇರೆ ಜಾಗ ಹುಡುಕುತ್ತಿದ್ದರು. ಅಲುಗಾಡದಿದ್ದರೆ ನಕ್ಷೆಯಲ್ಲಿ ಗುರುತು ಹಾಕಿ ಮುಂದೆ ನಡೆಯುತ್ತಿದ್ದರು.

ಬೇಸಿಗೆಯ ಒಂದು ಬೆಳಿಗ್ಗೆ, ಹೈಟೆನ್ಷನ್ ಲೈನಿನ ಟವರಿಗೆಂದು ಬತ್ತಿದ ಕೆರೆಯ ಅಂಚಿನಲ್ಲಿ ಅವರು ಒಂದು ಕೆಂಪು ಗೂಟ ಹೊಡೆದರು. ಅಷ್ಟರಲ್ಲಿ ಜೀಪಿನ ಡ್ರೈವರ್, "ಸರ್, ಚಹಾ ಆಯ್ತು," ಎಂದು ಕರೆದ. ತಳ್ಳಿ ನೋಡದೆ ಹೋದರು.

ಚಳಿಗಾಲ ಮುಗಿದು ಬಳಗವೆಲ್ಲ ಉತ್ತರಕ್ಕೆ ಹಾರಿಹೋದಾಗ ರೆಕ್ಕೆ ಮುರಿದು ಒಂದೇ ಹಿಂದುಳಿದಿದ್ದ ಹೆಬ್ಬಾತು ಈಗ ಗೂಟದ ಬಳಿ ಬಂತು.

"ಗೂಟಪ್ಪ, ಇದು ನಾವು ಇಳಿಯುವ ದಾರಿ. ಮಾಗಿಯ ಹೊತ್ತಿಗೆ ಕೆರೆ ತುಂಬಿರುತ್ತದೆ. ನನ್ನವರು ಮಂಜಿನಲ್ಲಿ ತಗ್ಗಾಗಿ ಹಾರಿ ಬರುತ್ತಾರೆ. ಇಲ್ಲಿ ತಂತಿ ಎಳೆದರೆ ಅವರಿಗೆ ಕಾಣುವುದಿಲ್ಲ."

"ಕೆರೆ ಒಣಗಿದೆ, ಹಕ್ಕಿಗಳಿಲ್ಲ ಎಂದು ಸರ್ವೆ ವರದಿಯಲ್ಲಿ ಬರೆದಾಗಿದೆ," ಎಂದಿತು ಗೂಟ.

"ಹೊಲ ಖಾಲಿಯಿದೆ, ಓಡಾಟ ಸುಲಭ ಅಂತ ನೀವು ಬೇಸಿಗೆಯಲ್ಲಿ ಬಂದಿರಿ. ಹೋಗಲಿ, ನಾನಿದ್ದೇನಲ್ಲ?"

"ರೆಕ್ಕೆ ಮುರಿದ ಒಂದು ಹಕ್ಕಿಯನ್ನು ಬಳಗ ಅನ್ನುತ್ತಾರೆಯೇ? ಅಲ್ಲಿ ನೋಡು, ಆ ಹೊಗೆ. ಅಲುಗಾಡಿದ ಗೂಟಗಳನ್ನು ಕಿತ್ತು ಉರಿಸಿಯೇ ಅವರು ಚಹಾ ಕಾಯಿಸುವುದು."

ಹೆಬ್ಬಾತು ಹೊಗೆಯನ್ನು ನೋಡಿ ಗೂಟಕ್ಕೆ ಇನ್ನಷ್ಟು ಹತ್ತಿರ ಸರಿಯಿತು. ಚನ್ನವೀರಯ್ಯ ಚಹಾ ಮುಗಿಸಿ ಮರಳಿ ಬಂದು ಗೂಟದ ಮುಂದೆ ನಿಂತು ಕಾಲೆತ್ತಿದರು.

"ಒಂದು ಸಲ ಅಲುಗಾಡು," ಎಂದು ಹೆಬ್ಬಾತು ಮೆಲ್ಲಗೆ ಕೇಳಿತು. "ಅವರು ಸುತ್ತ ನೋಡಲಿ. ನಾನು ಕಾಣುವ ಹಾಗೆ ಇಲ್ಲೇ ನಿಂತಿರುತ್ತೇನೆ."