ಫಿಲೆಮೋನ ನಾಲೆಯಲ್ಲಿ ಮುಳುಗಿ ಎದ್ದಿದ್ದು

ಬನ್ನಿ ಬನ್ನಿ, ಹತ್ತಿರ ಕೂತ್ಕಳಿ. ನಗು ಬಂದರೆ ಬಾಯಿಗೆ ಕೈ ಅಡ್ಡ ಇಡಬೇಡಿ, ಕತೆಗೆ ಬೇಜಾರಾಗುತ್ತೆ.

ನಾಲೆ ದಂಡೆಯ ಮೇಲೊಂದು ಊರು, ಊರ ಕೊನೆಯಲ್ಲೊಂದು ಹಂಚು ಹೊದಿಸಿದ ಕ್ರೈಸ್ತ ಸಭೆ, ಸಭೆಯ ಪಕ್ಕದಲ್ಲೇ ದೊರ್ಕಮ್ಮನ ಮನೆ. ಗಂಡ ಇಲ್ಲ, ಇರೋನು ಒಬ್ಬನೇ ಮಗ, ಫಿಲೆಮೋನ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡುತ್ತಾ ಕೂರೋನು. ಹಿತ್ತಲಿಂದ ನಾಯಿ ನುಗ್ಗಿ ಸಾರು ನೆಕ್ಕಿಹೋದರೂ ಕಣ್ಣು ಅತ್ತಿತ್ತ ತಿರುಗಿಸ್ತಿರಲಿಲ್ಲ!

ಆ ಸಭೆಯಲ್ಲಿ ಕೂಸುಗಳಿಗೆ ನೀರು ಚಿಮುಕಿಸೋ ಪದ್ಧತಿ ಇಲ್ಲ. ದೊಡ್ಡೋರಾಗಿ, ತಮ್ಮ ಬಾಯಲ್ಲೇ "ನಂಬ್ತೀನಿ" ಅಂದು, ನಾಲೆಯಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಫಿಲೆಮೋನನ ಓರಗೆಯವರೆಲ್ಲ ಮುಳುಗಿ ಎದ್ದು ಸಭೆ ಸೇರಿದ್ದರು. ಇವನೊಬ್ಬ ದಡದಲ್ಲೇ.

"ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನ ನಮ್ಮೋನು ಅನ್ನೋರು ಯಾರಪ್ಪಾ? ಸಭೆಯೋರಾದ್ರೂ ಅಂದ್ರೆ ಸಾಕಲ್ಲ!" ಅಂತ ದೊರ್ಕಮ್ಮ ದಿನಾ ಪ್ರಾರ್ಥನೆ ಮಾಡೋಳು.

ಪಕ್ಕದ ಮನೆ ತೀತಪ್ಪ ಸಭೆಯ ಹಿರಿಯ. ಅವನೇ ಅಡ್ಡಗಾಲು. "ಬುದ್ಧಿ ಇಲ್ಲದೋನಿಗೆ ಸ್ನಾನ ಯಾಕಮ್ಮಾ? ಕೋಣ ತೊಳೆದ ಹಾಗಾಗುತ್ತೆ!"

ಪಾಸ್ಟರಯ್ಯ ಒಳ್ಳೆಯೋರು. ಫಿಲೆಮೋನನನ್ನ ಕರೆದು ಹೇಳಿದರು: "ಮೊದಲು ಯಾರ್‍ಯಾರಿಗೆ ತಪ್ಪು ಮಾಡಿದ್ದೀಯೋ ಅವರ ಹತ್ರ ಹೋಗಿ ಕ್ಷಮೆ ಕೇಳಪ್ಪಾ. ಒಂದನ್ನೂ ಬಚ್ಚಿಡಬೇಡ."

ಹೋದ ನೋಡಿ, ಸೀದಾ ತೀತಪ್ಪನ ಮನೆಗೇ ಹೋದ!

"ತೀತಣ್ಣಾ, ನಿಮ್ಮ ಸಂಡಿಗೆ ತಿಂದಿದ್ದು ಕಾಗೆ ಅಲ್ಲ, ನಮ್ಮ ಮೇಕೆ. ಕಾಗೆ ಅಂದಿದ್ದು ನಮ್ಮವ್ವ. ಕ್ಷಮಿಸಿ! ನೀವು ಸಭೇಲಿ ಹಾಡಿದ್ರೆ ನಮ್ಮವ್ವಂಗೆ ಹೊಟ್ಟೆ ತೊಳಸುತ್ತಂತೆ. ಅದನ್ನೂ ಕ್ಷಮಿಸಿ!"

ತೀತಪ್ಪ ಬೀದಿಗೆ ಬಂದು ಕೂಗಾಡಿದ ಸದ್ದಿಗೆ ಮೇಕೆ ಹಗ್ಗ ಕಿತ್ತುಕೊಂಡು ಓಡಿತು. ದೊರ್ಕಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಹೆಡ್ಡ ಮುಂಡೇದೇ! ದೊಡ್ಡೋರ ಮುಂದೆ ಹಿಂಗೆಲ್ಲ ಬಾಯಿ ಬಿಡ್ತಾರೇನೋ? ತಲೆ ತಗ್ಗಿಸಿ ಸುಮ್ಮನೆ ನಿಂತ್ಕೋಬೇಕು!"

"ಹೂಂ ಕಣವ್ವ!"

ಭಾನುವಾರ ಬಂತು. ತುಂಬಿದ ಸಭೆಯಲ್ಲಿ ಪಾಸ್ಟರಯ್ಯ ಕೇಳಿದರು: "ಫಿಲೆಮೋನಾ, ಯೇಸುವನ್ನ ನಂಬ್ತೀಯಾ?"

ಫಿಲೆಮೋನ ತಲೆ ತಗ್ಗಿಸಿ ಸುಮ್ಮನೆ ನಿಂತ.

"ಹೇಳಪ್ಪಾ, ನಂಬ್ತೀಯಾ?"

ತಲೆ ಇನ್ನೂ ತಗ್ಗಿತು. ಗದ್ದ ಎದೆಗೆ ತಾಗಿತು.

"ನಾನು ಹೇಳಲಿಲ್ವಾ? ಇವನು ನಂಬಲ್ಲ!" ಅಂದ ತೀತಪ್ಪ. ಆವತ್ತು ಸ್ನಾನ ತಪ್ಪಿತು.

"ಅಯ್ಯೋ ಹೆಡ್ಡ ಮುಂಡೇದೇ! ‘ನಂಬ್ತೀಯಾ’ ಅಂದ್ರೆ ‘ನಂಬ್ತೀನಿ’ ಅನ್ನಬೇಕು ಕಣೋ! ಜೋರಾಗಿ ಅನ್ನಬೇಕು!"

"ಹೂಂ ಕಣವ್ವ!"

ಆಮೇಲೆ ಒಂದಿನ ಅವ್ವ ಅವನ ತಲೆ ಮೇಲೆ ಅವರೆಕಾಯಿ ಬುಟ್ಟಿ ಹೊರಿಸಿ, "ಸಂತೇಲಿ ಕೊಟ್ಟು ಮೊಟ್ಟೆ ಇಡೋ ಕೋಳಿ ತಗೊಂಬಾ" ಅಂದಳು. ಕೋಳಿಯವನು ಇವನ ಮುಖ ನೋಡಿದ್ದೇ ಖುಷಿಯಾಗಿಬಿಟ್ಟ.

"ಈ ಕೋಳಿ ದಿನಾ ಮೊಟ್ಟೆ ಇಡುತ್ತೆ, ನಂಬ್ತೀಯಾ?"

"ನಂಬ್ತೀನಿ!"

"ಜುಟ್ಟು ದೊಡ್ಡದಾದಷ್ಟೂ ಮೊಟ್ಟೆ ದೊಡ್ಡದು, ನಂಬ್ತೀಯಾ?"

"ನಂಬ್ತೀನಿ!" ಸಂತೆಯೆಲ್ಲ ತಿರುಗಿ ನೋಡೋ ಹಾಗೆ ಕೂಗಿದ.

ಮನೆಗೆ ಬಂದ ಕೋಳಿ ಗೋಡೆ ಹತ್ತಿ, ಕತ್ತು ಚಾಚಿ, "ಕೊಕ್ಕೊಕ್ಕೋ!" ಅಂತು. ಹುಂಜ!

"ಅಯ್ಯೋ ಹೆಡ್ಡ ಮುಂಡೇದೇ! ಕಂಡೋರು ಹೇಳಿದ್ದೆಲ್ಲ ನಂಬ್ತಾರೇನೋ? ಕಣ್ಣಾರೆ ನೋಡಬೇಕು, ಕೈಯಾರೆ ಮುಟ್ಟಬೇಕು, ಆಮೇಲೆ ನಂಬಬೇಕು!"

"ಹೂಂ ಕಣವ್ವ!"

ಪಾಸ್ಟರಯ್ಯ ಮನಸ್ಸು ಕರಗಿ ಇನ್ನೊಂದು ಸಲ ಕರೆದರು. ಸಭೆಗೆ ಸಭೆಯೇ ನಾಲೆ ದಂಡೆಯಲ್ಲಿ ನಿಂತಿತ್ತು. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಫಿಲೆಮೋನ ಸೊಂಟದುದ್ದ ನೀರಿಗಿಳಿದ.

"ಯೇಸು ನಿನಗೋಸ್ಕರ ಸತ್ತು, ಸಮಾಧಿಯಿಂದ ಎದ್ದು ಬಂದ ಅಂತ ನಂಬ್ತೀಯಾ?"

"ಕರ್ಕೊಂಬನ್ನಿ ಅಯ್ಯಾ, ಮುಟ್ಟಿ ನೋಡಿ ಹೇಳ್ತೀನಿ!"

ದಂಡೆಯಲ್ಲಿ ಗುಸುಗುಸು. ತೀತಪ್ಪ, "ಎಳೀರಿ ಅವನನ್ನ ಮೇಲಕ್ಕೆ!" ಅಂತ ಅರಚಿದ. ದೊರ್ಕಮ್ಮ ಸೆರಗಲ್ಲಿ ಮುಖ ಮುಚ್ಚಿ ಕೂತೇಬಿಟ್ಟಳು. ಇವತ್ತು ಮೇಲೆ ಬಂದರೆ ಮತ್ತೆ ಯಾರು ಕರೀತಾರೆ?

ಪಾಸ್ಟರಯ್ಯ ನಕ್ಕರು. "ಯೇಸುವಿನ ಶಿಷ್ಯ ತೋಮನೂ ಹಿಂಗೇ ಅಂದಿದ್ದ ತೀತಪ್ಪಾ, ಮುಟ್ಟಿ ನೋಡದೆ ನಂಬಲ್ಲ ಅಂತ. ಸ್ವಾಮಿ ಅವನನ್ನ ಓಡಿಸಲಿಲ್ಲ, ಹತ್ತಿರ ಕರೆದ." ಆಮೇಲೆ ಮೆಲ್ಲಗೆ ಕೇಳಿದರು: "ಫಿಲೆಮೋನಾ, ಯೇಸು ಅಂದ್ರೆ ನಿಂಗೆ ಯಾರಪ್ಪಾ?"

ಫಿಲೆಮೋನ ಇದಕ್ಕೆ ಅವ್ವನ ಬುದ್ಧಿಮಾತು ಹುಡುಕಿದ. ಸಿಗಲಿಲ್ಲ. ತನಗೆ ಗೊತ್ತಿದ್ದನ್ನೇ ಹೇಳಿದ.

"ನಾನು ದಿನಾ ಅವನ ಹತ್ರ ಮಾತಾಡ್ತೀನಿ ಅಯ್ಯಾ. ಏನು ಹೇಳಿದ್ರೂ ಬೈಯಲ್ಲ. ಈ ಊರಲ್ಲಿ ಬೈಯದೋನು ಅವನೊಬ್ಬನೇ."

ತೀತಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಪಾಸ್ಟರಯ್ಯ ಅವನ ಬೆನ್ನಿಗೆ ಕೈಕೊಟ್ಟರು. "ನೋಡಪ್ಪಾ, ನೀರಲ್ಲಿ ಮುಳುಗಿದಾಗ ಹಳೇ ಫಿಲೆಮೋನ ಸತ್ತ, ನೀರೇ ಅವನ ಸಮಾಧಿ. ಮೇಲೆ ಏಳೋನು ಹೊಸದಾಗಿ ಹುಟ್ಟಿದೋನು. ತಿಳೀತಾ?"

"ತಿಳೀತು ಅಯ್ಯಾ!"

ತಿಳಿದೇ ಎಡವಟ್ಟಾಗಿದ್ದು ನೋಡಿ!

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮುಳುಗಿಸಿ ಎತ್ತಿದರು. ಹಾಡೋ ಹಾಡು, ಚಪ್ಪಾಳೆಯೋ ಚಪ್ಪಾಳೆ. ದೊರ್ಕಮ್ಮ ಕಣ್ಣೊರೆಸಿಕೊಂಡು ಎಲ್ಲರಿಗೂ ಊಟಕ್ಕಿಡಲು ಮುಂದಾಗಿ ಓಡಿದಳು.

ಸಭೆಯೋರೆಲ್ಲ ಅವಳ ಮನೆಯಲ್ಲಿ ಎಲೆ ಮುಂದೆ ಕೂತಿದ್ದರು. ಫಿಲೆಮೋನ ಒದ್ದೆ ಬಟ್ಟೆಯಲ್ಲೇ ಬಂದ, ಹೊಸಿಲಾಚೆಯೇ ಕೈ ಮುಗಿದು ನಿಂತ.

"ತಾಯೀ, ಫಿಲೆಮೋನನ ಮನೆ ಇದೇನಾ?"

"ಏನೋ ಇದು? ಒಳಗೆ ಬಾರೋ!"

"ಅಳಬೇಡಿ ತಾಯೀ. ನಿಮ್ಮ ಮಗ ನಾಲೇಲಿ ಹೋಗ್ಬಿಟ್ಟ. ನಾನು ಅಲ್ಲೇ ಇದ್ದೆ. ಪಾಪ, ಸ್ವಲ್ಪ ಪೆದ್ದ. ಇಷ್ಟು ವರ್ಷ ನಿಮ್ಮ ಕೈಯಲ್ಲಿ ಉಂಡ, ಒಂದು ದಿನವೂ ವಂದನೆ ಹೇಳಲಿಲ್ಲ. ಅವನ ಪರವಾಗಿ ನಾನು ಹೇಳ್ತೀನಿ. ವಂದನೆ ತಾಯೀ."

ದೊರ್ಕಮ್ಮ ಸೌಟು ಹಿಡಿದುಕೊಂಡೇ ಹೊಸಿಲಿಗೆ ಬಂದಳು.

"ನಾನು ಹೊಸಬ. ನಂಗೂ ಯಾರಿಲ್ಲ. ಅವನ ಜಾಗ ಖಾಲಿ ಇದ್ರೆ ನನ್ನ ಇಟ್ಕೋತೀರಾ?"

ತೀತಪ್ಪ ಎಲೆ ಬಿಟ್ಟು ಎದ್ದ. "ಒಳಗೆ ಬಾರೋ ಮಾರಾಯಾ! ನಿಮ್ಮವ್ವ ಇಟ್ಕೊಳ್ಳದಿದ್ರೆ ನಮ್ಮನೆ ಇದೆ. ನೀನು ನಮ್ಮೋನು ಕಣೋ!"

"ನಮ್ಮೋನು, ನಮ್ಮೋನು!" ಅಂತು ಪಂಕ್ತಿಗೆ ಪಂಕ್ತಿ.

"ಸ್ತೋತ್ರ ಸ್ವಾಮೀ, ಸ್ತೋತ್ರ!" ಅನ್ನುತ್ತಾ ದೊರ್ಕಮ್ಮ ಮಗನನ್ನ ಒಳಗೆಳೆದು ಕೂರಿಸಿದಳು. ಬೈಗುಳ ಹುಡುಕಿದಳು, ಒಂದೂ ಬಾಯಿಗೆ ಬರಲಿಲ್ಲ. ಅನ್ನ ಸಾರು ಕಲಸಿ ತಾನೇ ತುತ್ತು ಮಾಡಿ ಬಾಯಿಗಿಟ್ಟಳು.

ಫಿಲೆಮೋನ ಕೆನ್ನೆ ಉಬ್ಬಿಸಿಕೊಂಡು ಹಾಗೇ ಕೂತ.

"ಅಗಿಯೋ ಮಗನೇ!"

"ಹೆಂಗೆ ಅಗೀಲವ್ವ? ಈಗ ತಾನೇ ಹುಟ್ಟಿದ್ದೀನಿ, ಹಲ್ಲು ಬರೋದು ಬೇಡ್ವಾ!"