ಸುಣ್ಣದ ಗೆರೆಯ ಹರಿಗೋಲು

"ಗುರುಗಳೇ, ತನ್ನ ದೋಷವನ್ನು ತಾನೇ ಊರಿಗೆಲ್ಲ ಸಾರುವ ವ್ಯವಸ್ಥೆಯನ್ನು ನಂಬುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶರಭಯ್ಯ. ಹೆರಿಗೆ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಯಾವ ತಾಯಿಯದು ಯಾವ ರಕ್ತದ ಗುಂಪು, ಯಾರಿಗೆ ಯಾವ ಔಷಧ ಆಗದು ಎಂಬುದೆಲ್ಲ ಅವುಗಳಲ್ಲೇ ಇತ್ತು. ಗುರುಗಳ ಮಾತು ಕೇಳಿ ಅವನು ಅವುಗಳಿಗೆ ಮುಕ್ತವಾದ ಒಂದು ಆಪರೇಟಿಂಗ್ ಸಿಸ್ಟಂ ಹಾಕಿದ್ದ. ಅದಕ್ಕೆ ಒಬ್ಬ ಒಡೆಯನೆಂಬುವವನಿಲ್ಲ. ದೇಶ ದೇಶಗಳ ಸಾವಿರಾರು ಜನ ಕೂಡಿ ಕಟ್ಟಿದ್ದು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಹೊಸದಾಗಿ ಏನೇ ಸೇರಿದರೂ ತಿಂಗಳುಗಟ್ಟಲೆ ಪರೀಕ್ಷಿಸಿ, ಇದು ಸ್ಥಿರ ಎಂದು ಒಪ್ಪಿದ ಮೇಲೆಯೇ ಹೊರಗೆ ಬಿಡುತ್ತಾರೆ. ಇಷ್ಟೆಲ್ಲ ಶರಭಯ್ಯನಿಗೆ ಗೊತ್ತಿತ್ತು. ಆದರೂ ಅವನಿಗೆ ಸಮಾಧಾನವಿರಲಿಲ್ಲ.

"ಅದನ್ನು ಕಟ್ಟಿದವರಿಂದ ವಾರ ವಾರ ಪತ್ರ ಬರುತ್ತದೆ. ಇಲ್ಲೊಂದು ದೋಷ ಸಿಕ್ಕಿದೆ, ಅದಕ್ಕೆ ತೇಪೆ ಇಲ್ಲಿದೆ ಎಂದು. ಕಳ್ಳನೂ ಅದನ್ನು ಓದುವುದಿಲ್ಲವೇ? ಇನ್ನೊಂದು ವ್ಯವಸ್ಥೆ ಇದೆಯಂತೆ. ಅದರ ಒಳಗನ್ನು ಯಾರಿಗೂ ತೋರಿಸುವುದಿಲ್ಲ, ಇದುವರೆಗೆ ಒಂದು ದೋಷದ ಪತ್ರವೂ ಬಂದಿಲ್ಲವಂತೆ. ಅದನ್ನೇ ಹಾಕಿಬಿಡಲೇ? ತಾಯಂದಿರ ಜೀವದ ಪ್ರಶ್ನೆ ಗುರುಗಳೇ. ನನಗೆ ನಿದ್ದೆ ಬರುತ್ತಿಲ್ಲ."

ಗುರುಗಳಿಗೆ ಅವನ ಮೇಲೆ ಕನಿಕರವಾಯಿತು. ನಿದ್ದೆಗೆಟ್ಟು ಕೇಳುವವನನ್ನು ಅವರು ಗದರುವವರಲ್ಲ. "ಕೂತುಕೋ" ಎಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಬಿದಿರು ಹೆಣೆದು, ಟಾರ್ಪಾಲು ಹೊದಿಸಿ, ಡಾಂಬರು ಬಳಿದ ಹರಿಗೋಲು ಅವನದು. ಅಲ್ಲಿ ಒಂದು ಪದ್ಧತಿಯಿತ್ತು. ಬೆಳಗಾದೊಡನೆ ಹರಿಗೋಲನ್ನು ದಡದಲ್ಲಿ ಬೋರಲು ಹಾಕಬೇಕು. ಹತ್ತುವವರು ಯಾರೇ ಆಗಲಿ, ಅದರ ತಳ ತಟ್ಟಿ ನೋಡಬಹುದು. ಅನುಮಾನ ಬಂದ ಕಡೆ ಸುಣ್ಣದಿಂದ ಸುತ್ತ ಗೆರೆ ಎಳೆಯಬೇಕು. ಅಲ್ಲಿಗೆ ತೇಪೆ ಹಾಕಿದ ಮೇಲೆಯೇ ಅಂಬಿಗ ಹರಿಗೋಲನ್ನು ಹೊಳೆಗೆ ಇಳಿಸಬೇಕು. ತೇಪೆ ಬಿದ್ದ ಮೇಲೂ ಗೆರೆ ಅಳಿಸುವಂತಿಲ್ಲ. ನೀರಿಗೆ ಮಾಸಿದರೆ ಮತ್ತೆ ಬರೆಯಬೇಕು, ಆ ಜಾಗದ ಮೇಲೆ ಎಲ್ಲರ ಕಣ್ಣಿರಲಿ ಎಂದು. ಹೊಸ ತಳ ಹೊದಿಸಿದರಂತೂ, ತಳಕ್ಕೆಲ್ಲ ಹೊಸ ಡಾಂಬರು ಬಳಿದರೂ ಸರಿ, ಹದಿನೈದು ದಿನ ದಡದಲ್ಲೇ ಕಟ್ಟಿ ತೇಲಿಸಬೇಕು. ಅಲ್ಲಿಯವರೆಗೆ ಜನರನ್ನು ಹತ್ತಿಸುವಂತಿಲ್ಲ.

ಎಲ್ಲರಿಗಿಂತ ಚೆನ್ನಾಗಿ ತಟ್ಟುವವಳು ಒಬ್ಬ ಕುಂಬಾರ ಮುದುಕಿ. ಗಡಿಗೆ ತಟ್ಟಿ ತಟ್ಟಿ ಅವಳ ಕಿವಿ ಪಳಗಿತ್ತು. ಅವಳು ಸಂತೆಗೆ ಹೊರಟ ದಿನ ಅಂಬಿಗನಿಗೆ ಒಂದೆರಡು ತೇಪೆಯ ಕೆಲಸ ಗ್ಯಾರಂಟಿ. ಅವನು ಗೊಣಗುತ್ತಿದ್ದ, ಗೊಣಗುತ್ತಲೇ ಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಹರಿಗೋಲಿನಲ್ಲಿ ಒಬ್ಬರ ಕಾಲೂ ನೆನೆದಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಆಚೆ ದಡದ ರೈತನೊಬ್ಬನ ಮಗನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಯಿತು. ಮಾತುಕತೆಗೆ ಬಂದಿದ್ದ ಗಂಡಿನ ತಂದೆ ಬೋರಲು ಹಾಕಿದ್ದ ಹರಿಗೋಲನ್ನು ಕಂಡು ನಕ್ಕ.

"ಏನ್ರೀ ಬೀಗ್ರೆ, ಮೈತುಂಬ ತೇಪಿ! ಇದರಾಗ ನನ್ನ ಸೊಸೀನ ಕೂಡಿಸ್ಕೊಂಡು ಬರ್ತೀರೇನು?"

ತಮಾಷೆಗೆ ಅಂದ ಮಾತು. ಆದರೆ ಹೆಣ್ಣು ಹೆತ್ತವನಿಗೆ ಅದು ಚುಚ್ಚಿತು. ಪಾಪ, ಅವನ ಜಾಗದಲ್ಲಿ ನಾವಿದ್ದರೂ ಚುಚ್ಚುತ್ತಿತ್ತು. ಮದುವೆಯ ಹಿಂದಿನ ದಿನ ಅವನು ಸುಣ್ಣದ ಗೆರೆಗಳನ್ನೆಲ್ಲ ನಾರಿನಿಂದ ಉಜ್ಜಿ ತೆಗೆದ. ತಳಕ್ಕೆಲ್ಲ ದಪ್ಪಗೆ ಹೊಸ ಡಾಂಬರು ಬಳಿದ. ಹರಿಗೋಲು ಫಳಫಳ ಹೊಳೆಯಿತು. ದಡದಲ್ಲಿ ಕಟ್ಟಿ ತೇಲಿಸಿ ನೋಡಲು ದಿನ ಉಳಿದಿರಲಿಲ್ಲ.

ಬೆಳಿಗ್ಗೆ ಹೆಣ್ಣಿನ ಕಡೆಯವರು ದಡಕ್ಕೆ ಬಂದರು. ಕರೆದೊಯ್ಯಲು ಬೀಗನೂ ಬಂದಿದ್ದ. ಹೊಳೆಯುವ ತಳ ಕಂಡು ಯಾರಿಗೂ ತಟ್ಟಬೇಕೆನಿಸಲಿಲ್ಲ. ಕುಂಬಾರ ಮುದುಕಿ ಮಾತ್ರ ಕೈ ಎತ್ತಿದಳು. ಅಂಬಿಗ ಅವಳ ಕೈ ಹಿಡಿದುಕೊಂಡ.

"ಇವತ್ತೊಂದಿನ ಬ್ಯಾಡವ್ವ. ಬೀಗರ ಮುಂದ ನನ್ನ ಮರ್ಯಾದಿ ಉಳಿಸು."

ಮುದುಕಿಯೂ ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿದವಳು. ಕೈ ಇಳಿಸಿ, ಎಲ್ಲರ ಜೊತೆ ಹರಿಗೋಲು ಹತ್ತಿದಳು.

ನಡುಹೊಳೆಯಲ್ಲಿ ಮದುಮಗಳ ಕಾಲಿಗೆ ನೀರು ತಾಗಿತು. ನೋಡನೋಡುತ್ತಿದ್ದಂತೆ ಬಿದಿರಿನ ಹೆಣಿಗೆಯ ತುಂಬ ಹರಡಿತು. ಎಲ್ಲಿಂದ ಬರುತ್ತಿದೆ ಎಂದು ಅಂಬಿಗನಿಗೇ ತಿಳಿಯಲಿಲ್ಲ. ನನ್ನ ಕೈಯಾರೆ ಮಗಳನ್ನು ಮುಳುಗಿಸುತ್ತಿದ್ದೇನೆ ಎಂದು ಅವನು ಅತ್ತುಬಿಟ್ಟ. ಬೀಗ ಸೊಸೆಯ ಜೊತೆ ಬರುತ್ತಿದ್ದ ಹಿತ್ತಾಳೆ ಪಾತ್ರೆಯೊಂದನ್ನು ಎತ್ತಿಕೊಂಡು ನೀರು ಮೊಗೆದು ಹೊರಗೆ ಚೆಲ್ಲತೊಡಗಿದ. ಹೆಂಗಸರೂ ಕೈಗೆ ಸಿಕ್ಕ ಪಾತ್ರೆ ಹಿಡಿದರು. ಅರ್ಧ ತುಂಬಿದ ಹರಿಗೋಲು ಹೇಗೋ ಆಚೆ ದಡ ಮುಟ್ಟಿತು.

ಅಂಬಿಗ ಬೀಗನ ಕಾಲಿಗೆ ಬೀಳಲು ಬಗ್ಗಿದ. ಬೀಗ ಅವನನ್ನು ತೋಳು ಹಿಡಿದು ನಿಲ್ಲಿಸಿದ. ಇಬ್ಬರೂ ಕೂಡಿ ಹರಿಗೋಲನ್ನು ಬೋರಲು ಹಾಕಿದರು. ಮುದುಕಿ ತಟ್ಟುತ್ತ ತಟ್ಟುತ್ತ ಹೋಗಿ ಒಂದು ಕಡೆ ಕೈ ನಿಲ್ಲಿಸಿದಳು. ಹಳೆಯ ತೇಪೆಯೊಂದು ಹೊಸ ಡಾಂಬರಿನ ಕೆಳಗೆ ಬಾಯಿ ಬಿಟ್ಟಿತ್ತು. ಬೀಗ ತನ್ನ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿನಿಂದ ತಾನೇ ಅದರ ಸುತ್ತ ಗೆರೆ ಎಳೆದ.

ಗುರುಗಳು ಕತೆ ನಿಲ್ಲಿಸಿದರು.

ಶರಭಯ್ಯನ ಮುಖ ಗೆಲುವಾಯಿತು. "ತಿಳಿಯಿತು ಗುರುಗಳೇ. ಪತ್ರ ಬರುತ್ತಿದೆ ಎಂದರೆ ತಳ ತಟ್ಟುವವರು ಇದ್ದಾರೆ ಎಂದಾಯಿತು. ನಮ್ಮದು ಭದ್ರವಾಗಿದೆ. ನಾನು ಬದಲಾಯಿಸುವುದಿಲ್ಲ" ಎಂದು ಹೊರಡಲು ಎದ್ದ.

"ಒಳ್ಳೆಯದು ಶರಭಯ್ಯ" ಎಂದರು ಗುರುಗಳು. "ಬಂದ ಪತ್ರಗಳಲ್ಲಿ ಎಷ್ಟಕ್ಕೆ ತೇಪೆ ಹಾಕಿದ್ದೀಯ?"

ಶರಭಯ್ಯ ತೇಪೆ ಹಾಕದೆ ಬಿಟ್ಟ ಪತ್ರಗಳನ್ನು ಎಣಿಸುತ್ತ ಆಸ್ಪತ್ರೆಯ ಕಡೆ ಓಡಿದ.