ನೆಲುವಿನಿಂದ ಇಳಿದ ಬೀಜ

"ಗುರುಗಳೇ, ಒಂದು ಕುಲವನ್ನೇ ಕೊಂದು ಮುಗಿಸಿದವನು ಪಾಪಿ, ಸರಿ. ಅವನಿಗೆ ಗಾಡಿ, ಎತ್ತು ಕೊಟ್ಟ ನೆರೆನಾಡಿನವನಿಗೆ ಆ ಪಾಪದಲ್ಲಿ ಪಾಲೆಷ್ಟು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ:

ಒಬ್ಬ ನಾಯಕನಿದ್ದ. ಅವನ ನಾಡಿನ ಎತ್ತುಗಾಡಿಗಳು ಎಲ್ಲೆಲ್ಲೂ ಹೆಸರುವಾಸಿ. ಅವನೂ ಸುತ್ತಣ ನಾಯಕರೂ ಕೂಡಿ ಹಿಂದೊಮ್ಮೆ ಆಣೆ ಮಾಡಿದ್ದರು. ಯುದ್ಧ ಯಾರೇ ಮಾಡಲಿ, ಯಾವ ಕುಲವನ್ನೂ ಬೇರುಸಹಿತ ಕೀಳಬಾರದು. ಕೀಳಲು ಹೊರಟವನನ್ನು ಮಿಕ್ಕವರು ತಡೆಯಬೇಕು. ಆಣೆಯ ಮಾತುಗಳನ್ನು ಕೂಡಿಸಿಕೊಟ್ಟವನು ಈ ನಾಯಕನೇ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ನೆರೆಯ ಅರಸ, ಮೂಡಣ ಪಡುವಣ ಎರಡು ಕಣಿವೆಗಳಲ್ಲಿ ಬಾಳುತ್ತಿದ್ದ ಬೆಟ್ಟದ ಕುಲದವರ ಮೇಲೆ ದಂಡೆತ್ತಿ ಹೋದ. ದಂಡಿಗೆ ಕಾಳು ಹೊರಲು ಗಾಡಿ ಬೇಕೆಂದ. ಹಳೆಯ ಸ್ನೇಹ, ನಾಯಕ ಇಲ್ಲವೆನ್ನಲಿಲ್ಲ.

ಆ ಸೀಮೆಯಲ್ಲಿ ದೋಚುವುದಕ್ಕೂ ಒಂದು ಕಟ್ಟಳೆಯಿತ್ತು. ಕಣಜ ಬಳಿದುಕೊಂಡು ಹೋದರೂ ನೆಲುವಿನಲ್ಲಿ ತೂಗುವ ಬಿತ್ತನೆ ಬೀಜದ ಗಡಿಗೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಸೋತವರು ಮುಂದಿನ ಮಳೆಗೆ ಬಿತ್ತಬೇಕಲ್ಲ! ಬಿತ್ತಿ ಬೆಳೆದರೆ ತಾನೆ ಇನ್ನೊಂದು ಸಲ ದೋಚಲು ಏನಾದರೂ ಸಿಕ್ಕೀತು!

ಗಾಡಿಗಳು ಹಿಂದಿರುಗಿದವು. ಅರಸ ಉಡುಗೊರೆ ತುಂಬಿಸಿ ಕಳಿಸಿದ್ದ. ನಾಯಕ ಅಂಗಳಕ್ಕಿಳಿದು ಹುಲ್ಲು ಸರಿಸಿ ನೋಡಿದ. ಗಾಡಿಯ ತುಂಬ ಬೀಜದ ಗಡಿಗೆಗಳು. ಬಾಯಿಗೆ ಮೆತ್ತಿದ ಸಗಣಿ ಕೂಡ ಒಡೆದಿರಲಿಲ್ಲ. ಬೀಜ ಬಂದಿದೆ ಎಂದರೆ ಬಿತ್ತುವವರು ಇಲ್ಲ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೂಡಣ ಕಣಿವೆಯಲ್ಲಿ ಯಾರೂ ಉಳಿದಿಲ್ಲವೇನೋ?"

"ನಾಯಿಗಳಿದಾವೆ, ಬುದ್ಧೀ," ಎಂದ ಗಾಡಿಕಾರರ ಯಜಮಾನ. "ಪಡುವಣ ಕಣಿವೇಲಿ ಜನ ಇನ್ನೂ ಇದಾರೆ. ನಾಳೆ ದಂಡು ಅಲ್ಲಿಗಂತೆ. ಗಾಡಿ ಕಟ್ಟಲೋ ಬೇಡವೋ, ಒಂದು ಮಾತು ಹೇಳಿಬಿಡಿ. ನಾವು ಕಟ್ಟದಿದ್ರೆ ಅವರು ಹೋಗಲ್ಲ. ಕಾಳಿನ ಮೂಟೆ ಹೆಗಲ ಮೇಲೆ ಹೊತ್ತು ಘಟ್ಟ ಹತ್ತೋ ಶೂರರನ್ನ ನಾನಂತೂ ಅಲ್ಲಿ ಕಾಣಲಿಲ್ಲ."

"ದುಡುಕಬೇಡ. ಕುಲ ಅಳಿಸಬೇಕೆಂದೇ ಕೊಂದನೋ, ಕಾಳಗದ ಕಾವಿನಲ್ಲಿ ಕೊಂದನೋ? ಅವನ ಮನಸ್ಸಿನಲ್ಲಿ ಏನಿತ್ತೋ ಸಭೆ ಸೇರಿ ತೂಗಿ ನೋಡಬೇಕು."

"ಸಭೆ ಸೇರೋಗಂಟ ಗಾಡಿ?"

ನಾಯಕ ಗಡಿಗೆಗಳ ಕಡೆ ನೋಡದೆ ಹೇಳಿದ: "ಕೊಟ್ಟ ಮಾತು ಕೊಟ್ಟ ಮಾತೇ. ಕಟ್ಟು."

ಯಜಮಾನ ಎತ್ತುಗಳಿಗೆ ನೀರು ಕುಡಿಸಲು ಹೋದ.

ನಾಯಕ ಅಂದೇ ಎಲ್ಲ ನಾಡುಗಳಿಗೂ ಓಲೆ ಕಳಿಸಿದ. ಸಭೆ ಸೇರಿತು. ಯಾರೂ ಹಗುರವಾಗಿ ಮಾತಾಡಲಿಲ್ಲ. ಅರಸನನ್ನು ಕೇಳಿದರು, "ಜನರ ನಡುವೆ ಹಗೆಗಳು ಅಡಗಿದ್ದರು" ಎಂದ. ಅದನ್ನೂ ತೂಗಿದರು. ಹೂಟೆಯ ಕಾಲ ಬಂತು, ಕಳೆಯಿತು. ಪಡುವಣ ಕಣಿವೆಯಲ್ಲೂ ನೇಗಿಲು ಹೂಡಿದವರಿಲ್ಲ. ಕಡೆಗೆ, ಅರಸ ಮಾಡಿದ್ದು ಯುದ್ಧವಲ್ಲ, ಕುಲದ ಬೇರು ಕಿತ್ತದ್ದು ಎಂದು ಒಂದೇ ದನಿಯಲ್ಲಿ ತೀರ್ಪಾಯಿತು. ಅದನ್ನು ಓದುವಾಗ ನಾಯಕ ಅತ್ತ. ಕಣ್ಣೀರು ಸುಳ್ಳಿನದಲ್ಲ.

ಓದಿ ಮುಗಿಸಿ ಅವನೇ ಕೇಳಿದ: "ನಾನು ಕತ್ತಿ ಹಿಡಿದವನಲ್ಲ. ಗಾಡಿ ಕೊಟ್ಟೆ. ನನ್ನ ಪಾಲೆಷ್ಟು, ಹೇಳಿಬಿಡಿ."

ಅದಕ್ಕೆ ಬೇರೆ ಸಭೆಯೇ ಕೂರಬೇಕೆಂದರು ಹಿರಿಯರು.

ಗುರು ಅಷ್ಟಕ್ಕೆ ನಿಲ್ಲಿಸಿದ. ಶಿಷ್ಯ ಮುಂದೆ ಬಾಗಿದ. "ಆ ಸಭೆ ಕೂತಿತೇ, ಗುರುಗಳೇ? ಏನು ತೀರ್ಪು ಕೊಟ್ಟಿತು?"

ಗುರು ಅಂದ: "ತೀರ್ಪು ಬೇಕಾಗಿದ್ದವರು ಪಡುವಣ ಕಣಿವೆಯಲ್ಲಿದ್ದರು, ಮಗು."